ಚೀಟಿಯಲ್ಲಿರುವ ಇಬ್ಬರು ಮಕ್ಕಳು

ಕಿಕ್ಕೇರಿ,
ಗುರುವಾರ

ಡಾಕ್ಟರ್ ಸಾಹೇಬರಿಗೆ ಟ್ರಾಕ್ಟರ್ ಮೆಕ್ಯಾನಿಕ್ ತಿಮ್ಮೇಶನ ನಮಸ್ಕಾರ.

ನೀವು ಮೂರು ವಾರಕ್ಕೊಮ್ಮೆ ಕೊಡುವ ಗಂಡಸರ ಹಾರ್ಮೋನಿನ ಇಂಜೆಕ್ಷನ್ನಿನಿಂದ ಸುಸ್ತು ಹೋಗಿದೆ. ಮೊದಲು ಒಂದು ಚಕ್ರ ಬಿಚ್ಚುವಷ್ಟರಲ್ಲಿ ಕೂತುಬಿಡುತ್ತಿದ್ದೆ, ಈಗ ದಿನವಿಡೀ ದುಡಿಯುತ್ತೇನೆ. ಆ ಉಪಕಾರ ಮರೆಯುವುದಿಲ್ಲ.

ಹೋದ ಸಲ ರಕ್ತದ ರಿಪೋರ್ಟು ನೋಡಿ, "ಡೋಸ್ ಸ್ವಲ್ಪ ಜಾಸ್ತಿ ಮಾಡೋಣ. ಇದು ತಗೊಳ್ಳೋವಾಗ ಮಕ್ಕಳಾಗೋದು ಕಷ್ಟ, ನಿಮಗೆ ಹೇಗೂ ಇಬ್ಬರು ಇದಾರಲ್ಲ" ಎಂದಿರಿ. ನಾನು ತಲೆಯಾಡಿಸಿ ಬಂದೆ.

ಸಾರ್, ನನಗೆ ಮಕ್ಕಳಿಲ್ಲ. ಮೊದಲ ದಿನ ನೀವು "ಮಕ್ಕಳೆಷ್ಟು?" ಎಂದಾಗ ನಿಮ್ಮ ರೂಮಿನೊಳಗಿನ ಬೆಂಚಿನಲ್ಲಿ ನಾಲ್ಕು ಜನ ಪೇಷೆಂಟುಗಳು ಕೂತು ಕೇಳುತ್ತಿದ್ದರು. ನನ್ನ ಕಾಯಿಲೆ ಅವರ ಕಿವಿಗೆ ಬಿದ್ದ ಮೇಲೆ ಇದನ್ನೂ ಹೇಳಲು ನಾಲಿಗೆ ಏಳಲಿಲ್ಲ. ಇಬ್ಬರು ಅಂದೆ. ನೀವು ಚೀಟಿಯಲ್ಲಿ ಬರೆದುಕೊಂಡಿರಿ.

ನನ್ನ ಹೆಂಡತಿ ಪುಷ್ಪ ಮಗುವಿಗಾಗಿ ಒಂದು ವರ್ಷದಿಂದ ನಾಗಮಂಗಲದ ಲೇಡಿ ಡಾಕ್ಟರ ಮಾತ್ರೆ ನುಂಗುತ್ತಿದ್ದಾಳೆ. ನನ್ನದು ಬರೀ ಶಕ್ತಿಯ ಇಂಜೆಕ್ಷನ್ ಎಂದುಕೊಂಡು, ದಿನ ತಪ್ಪದಂತೆ ಅವಳೇ ನೆನಪಿಸುತ್ತಾಳೆ. ಪ್ರತಿ ತಿಂಗಳೂ ಮುಟ್ಟಾದಾಗ, "ನನ್ನಲ್ಲೇ ಏನೋ ಐಬೈತೆ ಕಣ್ರೀ, ಇನ್ನೊಂದ್ ಮದ್ವೆ ಆಗ್ಬುಡಿ" ಎನ್ನುತ್ತಾಳೆ. ಹೇಳಿಬಿಡೋಣವೆಂದು ಮೂರು ಸಲ ಬಾಯಿ ತೆರೆದೆ, ಆಗಲಿಲ್ಲ.

ಸೋಮವಾರದ ಡೋಸ್ ಕೊಡಬೇಡಿ. ಮಕ್ಕಳಾಗಲು ಅಡ್ಡಿಯಾಗದ ಬೇರೆ ಮದ್ದು ಇದ್ದರೆ ನೋಡಿ. ಅವತ್ತು ಪುಷ್ಪಳನ್ನೂ ಕರೆತರುತ್ತೇನೆ. ಬೆಂಚಿನಲ್ಲಿ ಎಷ್ಟು ಜನ ಇದ್ದರೂ ಇರಲಿ, ಯಾರನ್ನೂ ಹೊರಗೆ ಕಳಿಸಬೇಡಿ. ಅವಳ ಮುಂದೆಯೇ, ಮಕ್ಕಳೆಷ್ಟು ಎಂದು ನನ್ನನ್ನು ಇನ್ನೊಂದು ಸಲ ಕೇಳಿ.

ಇಂತಿ,
ತಿಮ್ಮೇಶ