ತಟ್ಟೆಯಲ್ಲಿಟ್ಟ ಸೀತಾಫಲ

ಇಳಕಲ್ಲ
೧೭ ಅಕ್ಟೋಬರ್ ೨೦೨೪, ಗುರುವಾರ

ನನ್ನ ಅವ್ವನಿಗೆ, ನಿನ್ನ ಮಗ್ಗದ ಪಕ್ಕದಲ್ಲೇ ಕೂತು ಮಹೇಶ್ವರಿ ಮಾಡುವ ಶರಣು.

ಫೋನಿನಲ್ಲಿ ನೀನು ಆರಾಮ ಇದ್ದೇನೆ ಅಂದು ಬೇಗ ಇಟ್ಟುಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ವಿದ್ಯಾಗಿರಿಯಲ್ಲಿ, ಅಕ್ಕನ ಮನೆಯಲ್ಲಿ, ಊಟ ಸೇರುತ್ತಿದೆಯೇ? ದವಾಖಾನೆಗೆ ಹೋಗಿಬಂದ ದಿನ ಎದ್ದು ಓಡಾಡಬೇಡ.

ನಮ್ಮ ಹಿತ್ತಲಿನ ಸೀತಾಫಲದ ಚಿತ್ರ ಬರೆದು ಕಳಿಸು ಅಂದಿದ್ದೆಯಲ್ಲ, ಮೂರು ಹಣ್ಣು ಕಿತ್ತು ತಟ್ಟೆಯಲ್ಲಿಟ್ಟು ಬರೆದೆ. ಅಪ್ಪ ಅದನ್ನು ನಿನಗೆ ತೋರಿಸಿ ಬಂದವನು ಬಾಗಿಲಲ್ಲೇ ನಗತೊಡಗಿದ. "ನಿಮ್ಮವ್ವ ಏನಂದ್ಲು ಗೊತ್ತೈತೇನ? 'ಹುಡುಗಿ ಸೀರಿ ನೇದಂಗ ಹಣ್ಣ ಬರದಾಳ. ಒಂದಾದ್ರೂ ಕಪ್ಪ ಚುಕ್ಕಿ ಬ್ಯಾಡೇನ? ಇರಿವಿ ಎಲ್ಲಿ ಹೋದುವು?' ಅಂದ್ಲು."

ಖರೆ ಹೇಳುತ್ತೇನೆ ಅವ್ವ. ಬರೆದು ಮುಗಿಸುವಷ್ಟರಲ್ಲಿ ಒಂದು ಹಣ್ಣು ಕಪ್ಪಾಗಿತ್ತು. ಎಳೆ ಹರಿದರೆ ಗಂಟು ಕಾಣದಂತೆ ಕೂಡಿಸಬೇಕು ಅಂತ ನೀನೇ ಕಲಿಸಿದ್ದೆ. ಅದೇ ರೂಢಿಯಲ್ಲಿ ಕಪ್ಪಿನ ಮೇಲೂ ಹಸಿರು ಹಚ್ಚಿಬಿಟ್ಟೆ.

ಆಮೇಲೆ ಬೇರೆ ಮೂರು ಹಣ್ಣು ಕಿತ್ತಿಟ್ಟೆ. ಯಾರಿಗೂ ತಿನ್ನಲು ಕೊಡಲಿಲ್ಲ. ದಿನಾ ಬೆಳಿಗ್ಗೆ ಅವುಗಳ ಮುಂದೆ ಕೂತೆ. ಮೊದಲು ಹಣ್ಣಿನ ಕಣ್ಣುಗಳ ನಡುವೆ ಬಿಳಿ ಗೆರೆ ಮೂಡಿತು. ಮರುದಿನ ಒಂದು ಬಿರಿಯಿತು, ಇರುವೆ ಸಾಲುಗಟ್ಟಿದವು. ನಿನ್ನೆ ಸಿಪ್ಪೆ ಕುಸಿದು ಬೀಜ ಹೊರಬಿದ್ದವು. ಎಣ್ಣೆ ಸವರಿದಂತೆ ಹೊಳೆಯುತ್ತಿದ್ದವು. ಬರೆಯುವಾಗ ಅಳು ಬಂತು. ಕೈ ಮಾತ್ರ ನಿಲ್ಲಲಿಲ್ಲ. ಒಂದು ಚುಕ್ಕಿಯನ್ನೂ ಬಿಡದೆ ಬರೆದು ಈ ಪತ್ರದ ಜೊತೆ ಇಟ್ಟಿದ್ದೇನೆ. ಹಿಂದಿನ ಚಿತ್ರಕ್ಕಿಂತ ಇದೇ ಚಂದ ಬಂದಿದೆ, ಅದು ಹೇಗೋ ನನಗೆ ಗೊತ್ತಿಲ್ಲ.

ಮಗ್ಗದ ಮೇಲಿನ ಸೀರೆ ಮುಗಿಯುವ ತನಕ ಬರಬೇಡ ಅಂದಿದ್ದೀ. ಇನ್ನೂ ಸೆರಗು ಉಳಿದಿದೆ. ಆದರೂ ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಜೋಳದ ಚೀಲದಲ್ಲಿ ಒಂದು ಕಾಯಿ ಹಣ್ಣಾಗಲೆಂದು ಹುಗಿದಿಟ್ಟಿದ್ದೇನೆ. ಅದು ಬರೆಯುವುದಕ್ಕಲ್ಲ, ನೀನು ತಿನ್ನುವುದಕ್ಕೆ.

ನಿನ್ನ ಸಣ್ಣ ಮಗಳು,
ಮಹೇಶ್ವರಿ

ತಾ.ಕ.: ನಿನ್ನ ಕೂದಲೆಲ್ಲ ಉದುರಿದ್ದು ಅಕ್ಕನ ಬಾಯಿಂದ ಜಾರಿಬಂತು. ಅವಳನ್ನು ಬೈಯಬೇಡ. ನೀನು ನನ್ನನ್ನು ತಡೆದದ್ದು ಸೀರೆಗಾಗಿ ಅಲ್ಲ ಅಂತ ಆಗ ತಿಳಿಯಿತು. ಬಣ್ಣದ ಡಬ್ಬಿಯನ್ನೂ ತರುತ್ತೇನೆ. ಕಿಟಕಿಯ ಹತ್ತಿರ ಕೂತಿರು, ತಲೆಯ ಮೇಲೆ ಸೆರಗು ಬೇಡ. ಕಪ್ಪು ಚುಕ್ಕಿ ಎಲ್ಲಿ ಅಂತ ಕೇಳಿದವಳು ನೀನೇ. ಈ ಸಲ ನಾನು ಏನನ್ನೂ ತಿದ್ದುವುದಿಲ್ಲ.