ಸೈಲೆನ್ಸ್ ಮೇಡಂ ಕೋವಿ ಹಿಡಿದದ್ದು

ಭಾನುವಾರ, ಮಾರ್ಚ್ ೯

ಪ್ರೀತಿಯ ಅಕ್ಕನಿಗೆ ನಿನ್ನ ಪುಟ್ಟಿಯ ನಮಸ್ಕಾರ.

ನಿನ್ನ ಎರಡು ಕಾಗದಗಳೂ ತಲುಪಿವೆ. ಮೊದಲನೆಯದರ ಅಕ್ಕರೆ, ಎರಡನೆಯದರ ಗದರಿಕೆ ನೋಡಿ ನೀನೂ ಭಾವನೂ ಗಟ್ಟಿಮುಟ್ಟಾಗಿದ್ದೀರಿ ಎಂದು ಸಮಾಧಾನವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮಿಸು. ಕೈನೋವಿನ ನೆಪ ಹೇಳಬಹುದು, ಆದರೆ ಅದು ಅರ್ಧ ಸುಳ್ಳು. ಬರೆಯಬೇಕಾದದ್ದನ್ನು ಹೇಗೆ ಬರೆಯುವುದೆಂದು ತೋಚದೆ ಪೆನ್ನು ತೆಗೆಯುವುದು, ಮತ್ತೆ ಮುಚ್ಚಿಡುವುದು, ಇದೇ ಆಗಿತ್ತು. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ಮಾತಾಡುತ್ತೀಯ, ನಾನು ಹೂಂಗುಟ್ಟುತ್ತೇನೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ನನಗಾಗಿ ಹಿಂದಿನ ಕೋಣೆಗೆ ತಿಳಿಹಸಿರು ಬಣ್ಣ ಹೊಡೆಸಿದ್ದೀಯ, ಮಂಚವನ್ನು ಕಿಟಕಿಯ ಪಕ್ಕಕ್ಕೆ ಹಾಕಿಸಿದ್ದೀಯ. ಭಾವ ನನ್ನ ಈ ಮನೆಗೆ ಗಿರಾಕಿಯನ್ನೂ ಹುಡುಕಿ, ತಿಂಗಳ ಕೊನೆಗೆ ಸಾಮಾನು ಸಾಗಿಸಲು ಲಾರಿ ಗೊತ್ತುಮಾಡಿದ್ದಾರೆ. "ಆ ಕೈ ಇಟ್ಕೊಂಡು ಒಬ್ಬಳೇ ಹೇಗಿರ್ತೀಯ?" ಎಂದು ಕೇಳಿದ್ದೀಯ. ಆ ಸಾಲು ಓದಿ ಕಣ್ಣು ತುಂಬಿತು. ಅದಕ್ಕೆ ಉತ್ತರ ಕೊಡದೆ ಈ ಕಾಗದ ಮಡಿಸುವುದಿಲ್ಲ. ಅದಕ್ಕೂ ಮೊದಲು ಈ ಕೈ ಏನು ಮಾಡುತ್ತಿದೆ ಎಂಬ ಸುದ್ದಿ ಕೇಳು. ನಿಂತಿದ್ದರೆ ಕೂತುಕೋ.

ನಾನು ಕೋವಿ ಹಿಡಿದಿದ್ದೇನೆ.

ಕನ್ನಡಕ ಒರೆಸಿಕೊಳ್ಳಬೇಡ, ಸರಿಯಾಗೇ ಓದಿದೆ. ಜೋಡು ನಳಿಗೆಯ, ನಿಜವಾದ ತೋಟಾ ಹಾಕುವ ಕೋವಿ. ಗಾಬರಿಬಿದ್ದು ಭಾವನನ್ನು ಕೂಗಬೇಡ, ನಾನು ಯಾವ ಹಕ್ಕಿಯನ್ನೂ ಕೊಲ್ಲುತ್ತಿಲ್ಲ. ಊರಾಚೆಯ ಹುಲ್ಲುಬಯಲಿನಲ್ಲಿ ಒಂದು ಕ್ಲಬ್ಬಿದೆ. ಅಲ್ಲಿನ ಯಂತ್ರ ಮಣ್ಣಿನ ಬಿಲ್ಲೆಯೊಂದನ್ನು ರೊಯ್ಯನೆ ಆಕಾಶಕ್ಕೆ ಎಸೆಯುತ್ತದೆ. ಕಿತ್ತಳೆ ಬಣ್ಣದ್ದು, ಕಪ್ಪಿನ ಕೆಳಗಿಡುವ ತಟ್ಟೆಗಿಂತ ತುಸು ಚಿಕ್ಕದು. ಅದು ನೆಲ ಮುಟ್ಟುವುದರೊಳಗೆ ಹೊಡೆದು ಪುಡಿಮಾಡಬೇಕು. ಅಷ್ಟೇ ಆಟ. ಒಂದು ಬಿಲ್ಲೆಗಾಗಿ ದೊಡ್ಡವರೆಲ್ಲ ಮಕ್ಕಳ ಹಾಗೆ ಕುಣಿಯುತ್ತಾರೆ.

ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದವರು ಮೇಲಿನ ಮನೆಯ ಹಲ್ಲಿನ ಡಾಕ್ಟರಮ್ಮ. ಅವರೂ ನನ್ನಂತೆ ನಿವೃತ್ತರು, ಆದರೆ ಬಾಯಿ ಮಾತ್ರ ಇನ್ನೂ ನಿವೃತ್ತವಾಗಿಲ್ಲ. ಕಾರಿನಲ್ಲಿ ಒಬ್ಬರೇ ಹೋಗಲು ಬೇಜಾರೆಂದು ಜೊತೆಗೆ ಕರೆದರು. ನಾನು ಒಂದು ಪುಸ್ತಕ ಹಿಡಿದು ಹೋಗಿ ಬೆಂಚಿನ ಮೇಲೆ ಕೂತೆ. ಅಲ್ಲಿ ಕಲಿಸುವವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಾರೆ. ಮೊದಲು ಅಂಚೆ ವ್ಯಾನು ಓಡಿಸುತ್ತಿದ್ದರಂತೆ. ಅವರು ಬಂದು ನನ್ನ ಪುಸ್ತಕ ನೋಡಿದರು, ಆಮೇಲೆ ನನ್ನ ಕೈ ನೋಡಿದರು. ನಾನು ಎಂದಿನಂತೆ ಬೆರಳುಗಳನ್ನು ಸೆರಗಿನೊಳಗೆ ಸೇರಿಸಿಕೊಂಡೆ.

"ಯಾಕ್ ಮುಚ್ಕೋತೀರಿ ಮೇಡಂ? ಈ ಆಟದಲ್ಲಿ ಬೆರಳಿಗೆ ಕೆಲಸ ಕಡಿಮೆ. ಕೋವಿ ಎತ್ತೋದು ತೋಳು, ತಡ್ಕೊಳ್ಳೋದು ಭುಜ. ಬೆರಳಿಗಿರೋದು ಒಂದೇ ಒಂದು ಸಣ್ಣ ಕೆಲಸ" ಎಂದರು.

ಅಕ್ಕ, ಇಷ್ಟು ವರ್ಷಗಳಲ್ಲಿ ನನ್ನ ಬೆರಳಿನ ಬಗ್ಗೆ ಯಾರೂ ಇಷ್ಟು ಹಗುರವಾಗಿ ಮಾತಾಡಿರಲಿಲ್ಲ. ನಗು ಬಂತು. ಎದ್ದು ನಿಂತೆ.

ಮೂಳೆ ಡಾಕ್ಟರನ್ನು ಕೇಳಿಯೇ ಶುರುಮಾಡಿದ್ದು, ಬಯ್ಯಬೇಡ. ಅವರು ನಕ್ಕು ಸಾಕಾಗಿ, "ಸ್ವಲ್ಪ ಸ್ವಲ್ಪವೇ ಮಾಡಿ, ನೋವಾದ್ರೆ ನಿಲ್ಲಿಸಿ, ಹಟ ಬೇಡ" ಎಂದರು. ಬೆಳಗ್ಗೆ ಈ ಸಂಧಿವಾತದ ಬೆರಳುಗಳು ಮರದ ತುಂಡಿನ ಹಾಗಿರುತ್ತವೆ. ಬಿಸಿನೀರಿನಲ್ಲಿ ಮುಳುಗಿಸಿಟ್ಟು ಬೇಡಿಕೊಂಡ ಮೇಲೆ ಒಂದೊಂದಾಗಿ ಮಾತು ಕೇಳುತ್ತವೆ. ತೋಟಾ ತುಂಬಲು ಕೋವಿ ಬಿಚ್ಚುವ ಚಿಲಕವನ್ನು ಹೆಬ್ಬೆರಳಿನಿಂದ ತಳ್ಳಲು ಆಗುವುದಿಲ್ಲ, ಅಂಗೈಯ ಬುಡದಿಂದ ಒತ್ತುವುದನ್ನು ಕಲಿತೆ. ಟ್ರಿಗರ್ ಹಗುರ ಮಾಡಿಸಿದ ಕೋವಿಯನ್ನೇ ಮೇಷ್ಟ್ರು ನನಗೆ ಕೊಡುತ್ತಾರೆ. ತೋಟಾ ಮಾತ್ರ ಕೈಜಾರಿ ಹುಲ್ಲಿಗೆ ಬೀಳುತ್ತಿತ್ತು. ಡಾಕ್ಟರಮ್ಮ ಅದನ್ನು ನೋಡಿ, "ಕೊಡ್ರೀ ಇಲ್ಲಿ. ಊರಿನ ಜನರ ಹಲ್ಲೆಲ್ಲ ಕಿತ್ತ ಕೈ ಇದು, ಎರಡು ತೋಟಾ ಹಾಕಕ್ಕಾಗಲ್ವಾ?" ಎಂದು ತಾವೇ ತುಂಬಿಕೊಟ್ಟರು. ಈಗಲೂ ಅವರೇ ತುಂಬುತ್ತಾರೆ. ನನಗೆ ಅದರಲ್ಲಿ ಯಾವ ನಾಚಿಕೆಯೂ ಇಲ್ಲ.

ಕೈ ಹೇಗೋ ದಾರಿಗೆ ಬಂತು. ಕೈಕೊಟ್ಟದ್ದು ಗಂಟಲು.

ಬಿಲ್ಲೆ ಹಾರಬೇಕಾದರೆ ನಾವು ಕೂಗಬೇಕು. ನಿಲ್ಲುವ ಜಾಗದ ಮುಂದೆ ಒಂದು ಮೈಕು ಇದೆ, ದನಿ ಕೇಳಿದೊಡನೆ ಯಂತ್ರ ಬಿಲ್ಲೆಯನ್ನು ಎಸೆಯುತ್ತದೆ. ಉಳಿದವರು "ಪುಲ್" ಎಂದು ಅಬ್ಬರಿಸುತ್ತಾರೆ. ನನ್ನ ಸರದಿ ಬಂತು. ಕೋವಿ ಭುಜಕ್ಕಿಟ್ಟೆ, ಕೆನ್ನೆ ಒತ್ತಿದೆ, ಪುಲ್ ಎಂದೆ. ಏನೂ ಆಗಲಿಲ್ಲ. ಮತ್ತೆ ಅಂದೆ. ಆಕಾಶ ಖಾಲಿ.

"ಮೇಡಂ, ಹೇಳಿದ್ರಾ?" ಎಂದರು ಮೇಷ್ಟ್ರು.

"ಹೇಳಿದೆನಲ್ಲ."

"ಯಾರಿಗೆ?"

ಬೆಂಚಿನಲ್ಲಿದ್ದವರೆಲ್ಲ ಘೊಳ್ಳೆಂದು ನಕ್ಕರು. ಆ ನಗುವಿಗೇ ಯಂತ್ರ ಬೆಚ್ಚಿಬಿದ್ದು ಬಿಲ್ಲೆ ಎಸೆಯಿತು, ನಾನು ಬಾಯಿಬಿಟ್ಟುಕೊಂಡು ನೋಡುತ್ತ ನಿಂತೆ. ಜೀವಮಾನವೆಲ್ಲ ಗ್ರಂಥಾಲಯದಲ್ಲಿ ಕಳೆದವಳಿಗೆ ಎಲ್ಲಿಂದ ಬರಬೇಕು ದನಿ? ಅಲ್ಲಿ ನಾನು ಗಲಾಟೆ ಮಾಡುವವರನ್ನೂ ಪೆನ್ಸಿಲಿನಿಂದ ಮೇಜು ತಟ್ಟಿಯೇ ಸುಮ್ಮನಾಗಿಸುತ್ತಿದ್ದೆ. ಮನೆಯಲ್ಲಿ ನೀನಿದ್ದೆ, ನಮ್ಮಿಬ್ಬರ ಪಾಲಿನದನ್ನೂ ನೀನೇ ಮಾತಾಡುತ್ತಿದ್ದೆ.

ಮುಂದಿನ ವಾರವೂ ಅದೇ ಪಾಡು. "ಪುಲ್ ಅಂತಾನೇ ಅನ್ಬೇಕಂತಿಲ್ಲ. ಏನಾದ್ರೂ ಅನ್ನಿ, ಹೊಟ್ಟೆಯಿಂದ ಬರ್ಲಿ" ಎಂದರು ಮೇಷ್ಟ್ರು. ಅಷ್ಟರಲ್ಲಿ ನನ್ನ ಹಿಂದೆ ಡಾಕ್ಟರಮ್ಮ ಯಾರದೋ ದವಡೆ ಹಲ್ಲಿನ ಕಥೆಯನ್ನು ರಾಗವಾಗಿ ಹೇಳುತ್ತಿದ್ದರು, ಸುತ್ತ ಇದ್ದವರು ಕಿಸಿಕಿಸಿ ನಗುತ್ತಿದ್ದರು. ನನ್ನ ತೋಳು ಸೋಲುತ್ತಿತ್ತು, ಮೈಯೆಲ್ಲ ಉರಿದುಹೋಯಿತು. ಏನಾಯಿತೋ ಕಾಣೆ, "ಸೈಲೆನ್ಸ್!" ಎಂದು ಕಿರುಚಿಬಿಟ್ಟೆ.

ಯಂತ್ರ ತಟ್ಟನೆ ಬಿಲ್ಲೆ ಎಸೆಯಿತು. ಯೋಚಿಸುವುದಕ್ಕೆ ಹೊತ್ತೆಲ್ಲಿತ್ತು? ಅದರ ಹಿಂದೆ ಕೋವಿ ತಿರುಗಿಸಿದೆ, ನಳಿಗೆಯನ್ನು ಅದಕ್ಕಿಂತ ತುಸು ಮುಂದಕ್ಕೆ ದಾಟಿಸಿದೆ, ಒತ್ತಿದೆ. ಆಕಾಶದಲ್ಲಿ ಕಿತ್ತಳೆ ಬಣ್ಣದ ಪುಡಿ ಹರಡಿತು.

ಅರೆಗಳಿಗೆ ಆ ಬಯಲಿನಲ್ಲಿ ನನ್ನ ಗ್ರಂಥಾಲಯದಲ್ಲೂ ಎಂದೂ ಇರದಿದ್ದಷ್ಟು ಮೌನ. ಆಮೇಲೆ ಡಾಕ್ಟರಮ್ಮ ಓಡಿಬಂದು ನನ್ನನ್ನು ತಬ್ಬಿಕೊಳ್ಳಲು ಹೋದರು, ಮೇಷ್ಟ್ರು "ಕೋವಿ ಕೆಳಗೆ, ಕೋವಿ ಕೆಳಗೆ!" ಎಂದು ಅರಚಿದರು. ನಾನು ಮಾತ್ರ ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಾಗಲಿಲ್ಲ. ಅಂದಿನಿಂದ ಕ್ಲಬ್ಬಿನವರೆಲ್ಲ ನನ್ನನ್ನು ಸೈಲೆನ್ಸ್ ಮೇಡಂ ಎನ್ನುತ್ತಾರೆ. ಬಿಲ್ಲೆ ಕರೆಯಲು ನಾನು ಕೂಗುವುದೂ ಅದನ್ನೇ.

ಎಲ್ಲ ಸಲವೂ ತಗಲುತ್ತದೆ ಎಂದುಕೊಳ್ಳಬೇಡ. ತಪ್ಪುವುದೇ ಹೆಚ್ಚು. ಬಿಲ್ಲೆ ಇರುವ ಕಡೆಗೆ ಹೊಡೆದರೆ ಗುಂಡು ತಲುಪುವ ಹೊತ್ತಿಗೆ ಅದು ಅಲ್ಲಿರುವುದಿಲ್ಲ, ಅದು ಹೋಗುತ್ತಿರುವ ಕಡೆಗೆ ಹೊಡೆಯಬೇಕು. ಗೊತ್ತಿದ್ದೂ ಮರೆಯುತ್ತೇನೆ. ಭುಜ ನೀಲಿಗಟ್ಟಿದೆ. ರಾತ್ರಿ ಮಾತ್ರ ಹಾಸಿಗೆಗೆ ಬಿದ್ದರೆ ಬೆಳಗಿನವರೆಗೆ ಎಚ್ಚರವಿಲ್ಲ, ಹಸಿವೆ ಎಂದರೆ ಕೇಳಬೇಡ. ನೋವು ಹೋಗಿಲ್ಲ, ಹೋಗುವುದೂ ಇಲ್ಲವಂತೆ. ಆದರೆ ಅದರ ಬಗ್ಗೆ ಯೋಚಿಸುತ್ತ ಕೂರಲು ಮೊದಲಿನಷ್ಟು ಪುರುಸೊತ್ತಿಲ್ಲ. ಡಬ್ಬಿಯ ಮುಚ್ಚಳ ತೆಗೆಯಲು ಬಾಗಿಲ ಸಂದಿ ಇದೆ, ಗುಂಡಿ ಹಾಕಲು ಒಂದು ಕೊಕ್ಕೆ ತಂದುಕೊಂಡಿದ್ದೇನೆ, ಏನೂ ಸಾಗದಿದ್ದರೆ ಪೊರಕೆಯ ಹಿಡಿಯಿಂದ ಸೂರು ಕುಟ್ಟುತ್ತೇನೆ, ಡಾಕ್ಟರಮ್ಮ ಇಳಿದುಬರುತ್ತಾರೆ. ನಾನು ಸುಖವಾಗಿದ್ದೇನೆ ಅಕ್ಕ. ನಿನ್ನನ್ನು ಸಮಾಧಾನ ಮಾಡಲು ಬರೆದ ಮಾತಲ್ಲ ಇದು.

ಭಾವನ ಮಂಡಿ ಹೇಗಿದೆ? ಮಾತ್ರೆ ನುಂಗಿದೆ ಎಂದು ಹೇಳಿ ದಿಂಬಿನ ಕೆಳಗೆ ಬಚ್ಚಿಡುತ್ತಾರೆ, ಒಮ್ಮೆ ದಿಂಬು ಎತ್ತಿ ನೋಡು. ನಿನ್ನ ಮೊಮ್ಮಗಳಿಗೆ ಹಲ್ಲು ಬಂತೆಂದು ಬರೆದಿದ್ದೀಯ, ಚಿಕ್ಕಜ್ಜಿಯ ಮುತ್ತು ಕೊಡು. ಆಯಸ್ಸು, ಆರೋಗ್ಯ ಎಲ್ಲ ತುಂಬಿ ಬರಲಿ ಮಗುವಿಗೆ, ದನಿ ಮಾತ್ರ ನಿನ್ನದೇ ಬರಲಿ. ನಿಮ್ಮಿಬ್ಬರ ಆಶೀರ್ವಾದ ಸದಾ ನನ್ನ ಮೇಲಿರಲಿ.

ನಿನ್ನ,
ಪುಟ್ಟಿ

ಮರೆತ ಮಾತು: ಮರೆತದ್ದಲ್ಲ, ಧೈರ್ಯ ಸಾಲದೆ ಇಲ್ಲಿಯವರೆಗೆ ತಳ್ಳಿಕೊಂಡು ಬಂದದ್ದು. ಲಾರಿ ಬೇಡವೆಂದು ಭಾವನಿಗೆ ಹೇಳು, ಗಿರಾಕಿಗೂ ಹೇಳಲಿ. ನಾನು ಬರುವುದಿಲ್ಲ.

ಇನ್ನೊಂದಿದೆ. ನಿಯಮದ ಪ್ರಕಾರ ನಾನು ನಿವೃತ್ತಳಾಗಬೇಕಾಗಿದ್ದದ್ದು ಈ ತಿಂಗಳ ಕೊನೆಗೆ. ಎರಡು ವರ್ಷದ ಹಿಂದೆ ನಮ್ಮ ಮುಖ್ಯಸ್ಥರು ನನ್ನನ್ನು ಕರೆದು, ಆರೋಗ್ಯ ಮುಖ್ಯ ಎಂದು ಸ್ವಯಂನಿವೃತ್ತಿಯ ಕಾಗದ ಮುಂದಿಟ್ಟಾಗ ನಾನು ಹೂಂ ಎಂದು ಸಹಿ ಹಾಕಿದೆ. ನನ್ನ ಕೈಯಿಂದ ಪುಸ್ತಕ ಬೀಳುವುದನ್ನು ಅವರೇ ನೋಡಿರಬೇಕು ಎಂದುಕೊಂಡು ನಾಚಿಕೆಯಿಂದ ಸತ್ತೆ. ಬೀಳ್ಕೊಡುಗೆಯ ದಿನ ಹೂಗುಚ್ಛ ಕೊಡುತ್ತ ಅವರು, "ನಿಮ್ಮ ಅಕ್ಕ ಬಂದು ಹೇಳಿದ್ದು ಒಳ್ಳೇದಾಯ್ತು, ನೀವಾಗಿ ಬಾಯಿ ಬಿಡೋರಲ್ಲ" ಎಂದರು. ಬೀಳ್ಕೊಡುಗೆಗೆಂದು ಬಂದಿದ್ದ ನೀನು ಅಂದು ಸಂಜೆ ನನಗೆ ಊಟ ಬಡಿಸಿದೆ, ತಲೆ ಸವರಿದೆ. ನಾನು ಏನೂ ಕೇಳಲಿಲ್ಲ.

ನೀನು ಪ್ರೀತಿಯಿಂದಲೇ ಮಾಡಿದೆ, ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಆ ಕೆಲಸ ನನಗೆ ಇಷ್ಟವಿತ್ತು ಅಕ್ಕ. ಎತ್ತರದ ಕಪಾಟಿಗೆ ಕೈ ಸಾಗುತ್ತಿರಲಿಲ್ಲ, ನಿಜ. ಮೇಜಿನ ಹಿಂದೆ ಕೂತು ಬಂದವರಿಗೆ ಬೇಕಾದ ಪುಸ್ತಕ ಹುಡುಕಿಕೊಡಲು ಇನ್ನೂ ಬರುತ್ತಿತ್ತು. ತುಂಬ ನೋವಾಯಿತು, ಇವತ್ತಿಗೂ ಇದೆ. ಈ ಬೆರಳುಗಳದ್ದು ಅದರ ಮುಂದೆ ಏನೂ ಅಲ್ಲ.

ಹಸಿರು ಕೋಣೆ ಹಾಗೇ ಇರಲಿ. ಬೇಸಗೆಯಲ್ಲಿ ಬಂದು ಒಂದು ವಾರ ಇದ್ದು, ನಿನ್ನಿಂದ ಬೈಸಿಕೊಂಡು ಹೋಗುತ್ತೇನೆ. ಇನ್ನು ಮೇಲೆ ನನ್ನ ವಿಷಯ ಏನೇ ಇರಲಿ, ಮೊದಲು ನನ್ನನ್ನು ಕೇಳು. ಕೇಳಿದ ಮೇಲೆ ನಾನು ಬಾಯಿ ತೆರೆಯುವವರೆಗೆ ಸ್ವಲ್ಪ ಸುಮ್ಮನಿರು.