ಗೇಟಿನ ಮುಂದಿನ ಸಾಲು

ವಸ್ತ್ರಾಪುರ, ಅಹಮದಾಬಾದ್
20 ಏಪ್ರಿಲ್ 2021

ಪ್ರೀತಿಯ ಇಂದುಮತಿ ಅಕ್ಕನಿಗೆ,

ಮೆಸೇಜುಗಳಿಗೆ ಉತ್ತರಿಸದೆ ಅಲ್ಲಿ ವಡೋದರಾದಲ್ಲಿ ನಿನ್ನನ್ನು ಕಂಗಾಲು ಮಾಡಿದೆ, ಬೈಯಬೇಡ. ಫೋನಿನಲ್ಲಿ ಅರ್ಧವೂ ಹೇಳೋಕಾಗಲ್ಲ. ಅದಕ್ಕೇ ಬರೆದು, ಫೋಟೋ ತೆಗೆದು ಕಳಿಸ್ತಿದ್ದೇನೆ.

ಅತ್ತೆಗೆ ಕೊನೆಗೂ ಬೆಡ್ ಸಿಕ್ಕಿತು. ಆಕ್ಸಿಜನ್ ಹಾಕಿದ್ದಾರೆ, ಮಾತಾಡ್ತಾರೆ. ಆಫೀಸಿನ ಕೆಲಸಕ್ಕೆ ಶ್ರೀಹರಿಕೋಟಾಕ್ಕೆ ಹೋದ ಗಂಡ ಮಹಾಶಯ ಪ್ರಜ್ವಲ್ ಅಲ್ಲೇ ಕ್ವಾರಂಟೈನ್. ಮನೆಯಲ್ಲೀಗ ನಾನು, ಇನ್ನೂ ಹಾಲು ಬಿಡದ ಸಂಹಿತಾ, ಇಬ್ಬರೇ. ನಿದ್ದೆ ಇಬ್ಬರಿಗೂ ಇಲ್ಲ.

ಕೆಳಗೆ ನಮ್ಮ ಕಾರು ನಿಂತೇ ಇತ್ತು, ಆದರೂ ಆಂಬುಲೆನ್ಸ್‌ಗೆ ಕಾದೆವು. 108ರಲ್ಲಿ ಬಂದವರನ್ನಷ್ಟೇ ಆಸ್ಪತ್ರೆಗೆ ಸೇರಿಸಿಕೊಳ್ಳುವುದು ಸದ್ಯದ ನಿಯಮ. ಬೆಳಗ್ಗೆ ಕರೆದದ್ದು ಮಧ್ಯಾಹ್ನ ಬಂತು, ಅದೂ ಸೈರನ್ ಇಲ್ಲದೆ! ನನ್ನ ಚಾಳಿ ಗೊತ್ತಲ್ಲ, ಯಾಕೆ ಅಂತ ಕೇಳಿಯೇಬಿಟ್ಟೆ.

"ರಸ್ತೆಯಲ್ಲಿ ಯಾರಿದ್ದಾರೆ ಬೆನ್, ಸರೀರಿ ಅನ್ನೋಕೆ? ಮನೆಯೊಳಗಿರೋರು ಸುಮ್ಮನೆ ಹೆದರ್ತಾರೆ," ಅಂದಳು ಗಾಡಿಯ ಜೊತೆ ಬಂದ ನರ್ಸ್ ಮೀರಾ. 'ಬೆನ್' ಅನ್ನಿಸಿಕೊಂಡು ನಾನೂ ಒಬ್ಬಳಿಗೆ ಅಕ್ಕನಾದೆ ನೋಡು.

"ಮತ್ತೆ ಇಷ್ಟು ತಡ?"

"ಬರೋದು ತಡವಲ್ಲ, ಇಳಿಸೋದು ತಡ. ಆಸ್ಪತ್ರೆ ಗೇಟಿನ ಮುಂದೆ ಗಾಡಿಗಳ ಸಾಲು. ಬೆಡ್ ಖಾಲಿಯಾಗೋವರೆಗೆ ಗಾಡಿಯೇ ವಾರ್ಡು."

ನೋಡು, ಊರಲ್ಲಿ ಗಾಡಿ ಇಲ್ಲ ಅಂದುಕೊಂಡಿದ್ದೆ. ಎಲ್ಲ ಅಲ್ಲೇ ನಿಂತಿವೆ!

ಅವಳ ಪಿಪಿಇ ಕಿಟ್ ನೋಡಿ ಅತ್ತೆ, "ಮಡಿಯಲ್ಲಿದ್ದೀನಿ, ಮುಟ್ಟಬೇಡಿ ಅಂತ ಜೀವಮಾನವಿಡೀ ಕೂಗಿದೆ, ಒಬ್ಬರೂ ಕೇಳಲಿಲ್ಲ. ಈಗ ಊರಿಗೆ ಊರೇ ಮಡಿ!" ಅಂತ ನಕ್ಕು, ಕೆಮ್ಮಿ ಸುಸ್ತಾದರು. ಜೊತೆಗೆ ಯಾರೂ ಹತ್ತುವಂತಿಲ್ಲ. ಅತ್ತೆಗೋ ಕನ್ನಡ ಬಿಟ್ಟು ಬೇರೆ ಬಾರದು. ಮೀರಾ ನನ್ನಿಂದ 'ನೀರು ಬೇಕಾ', 'ಎದೆ ನೋಯ್ತಿದೆಯಾ' ಕೇಳಿ, ಕಿಟ್ಟಿನ ಬಿಳಿ ತೋಳಿನ ಮೇಲೆ ಗುಜರಾತಿ ಅಕ್ಷರದಲ್ಲಿ ಬರೆದುಕೊಂಡಳು. ಸಾಲಿನಿಂದಲೇ ಅತ್ತೆ ಫೋನ್ ಮಾಡಿದ್ದರು: "ಈ ಹುಡುಗಿ ಗಳಿಗೆಗೊಮ್ಮೆ ನೀರು ಬೇಕಾ ಅಂತಾಳೆ ಕಣೇ. ಬೇಡ ಅಂದ್ರೆ ತಿಳಿಯಲ್ಲ, ಕುಡೀತಾನೇ ಇದ್ದೀನಿ!"

ಹೊರಡುವ ಮುಂಚೆ ಇನ್ನೊಂದು ಕೇಳಿದ್ದೆ: "ಹಾಲುಣ್ಣೋ ಮಗುವಿನ ತಾಯಿಯನ್ನ ಕರ್ಕೊಂಡು ಹೋಗಬೇಕಾದ್ರೆ ಏನ್ಮಾಡ್ತೀರಿ?" "ಮನೆಯಲ್ಲಿ ಇನ್ಯಾರಿದ್ದಾರೆ ಬೆನ್?" ಅಂತ ಅವಳು ನನ್ನನ್ನೇ ಕೇಳಿದಳು.

ಭಾವನಿಗೆ ನಮಸ್ಕಾರ. ನಿನ್ನ ಕೂಸು ನೇಹಾ ನೂರು ಕಾಲ ನಗುತ್ತಿರಲಿ.

ನಿನ್ನ ತಂಗಿ,
ಮನಸ್ವಿನಿ

ತಾ.ಕ.: ನಿನ್ನೆಯಿಂದ ನನಗೂ ಜ್ವರ. ಮಾಸ್ಕ್ ಹಾಕಿಕೊಂಡೇ ಹಾಲೂಡಿಸ್ತೀನಿ, ಸಂಹಿತಾ ಅದನ್ನ ಕಿತ್ತು ನನ್ನ ಮುಖ ಹುಡುಕ್ತಾಳೆ. ನೇಹಾಳನ್ನ ಬಿಟ್ಟು ಬಾ ಅನ್ನೋಕೆ ಬಾಯಿ ಬರಲ್ಲ ಅಕ್ಕ. ಆದರೆ ಆ ಗಾಡಿ ನನಗೇ ಬಂದರೆ, ಇವಳನ್ನ ಯಾರ ಕೈಗೆ ಕೊಟ್ಟು ಹತ್ತಲಿ?